ಕದ್ದು ಕಲಿತ ರಷ್ಯನ್, ಕಡ್ಡಾಯದ ರಷ್ಯನ್

ಬುಡಾಪೆಸ್ಟಿನ ಲೊಂಬ್ ಕಾತೊ ಓದಿದ್ದು ರಸಾಯನಶಾಸ್ತ್ರ, ಅನ್ನ ಕೊಟ್ಟದ್ದು ಭಾಷೆಗಳು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಆಕೆಗೆ ರಷ್ಯನ್ ಕಲಿಯುವ ಹಂಬಲ ಹುಟ್ಟಿತು. ಹಂಗೇರಿ ಆಗ ಹಿಟ್ಲರನ ಪಾಳೆಯದಲ್ಲಿತ್ತು; ರಷ್ಯನ್ ಎಂದರೆ ಶತ್ರುವಿನ ನುಡಿ. ಹೇಳಿಕೊಡುವ ಮೇಷ್ಟರಿಲ್ಲ, ಪಠ್ಯಪುಸ್ತಕವಿಲ್ಲ. ಇದ್ದದ್ದು ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕ ಒಂದು ನಿಘಂಟು, ಓದಲು ಗೊಗೊಲನ ‘ಡೆಡ್ ಸೋಲ್ಸ್’ ಕಾದಂಬರಿ. ಯಾರ ಕಣ್ಣಿಗೂ ಬೀಳದಿರಲೆಂದು ಕಾದಂಬರಿಯ ಹಾಳೆಗಳನ್ನು ದಪ್ಪನೆಯ ಹಂಗೇರಿಯನ್ ವಿಶ್ವಕೋಶದೊಳಗೆ ಸೇರಿಸಿ ಹೊಲಿಸಿದರು. ವಿಮಾನದಾಳಿಯ ಸೈರನ್ ಕೂಗಿದಾಗ ಎಲ್ಲರೊಂದಿಗೆ ನೆಲಮಾಳಿಗೆಗೆ ಇಳಿದು, ವಿಶ್ವಕೋಶ ಓದುವವರ ಹಾಗೆ ಕೂತು ಗೊಗೊಲನನ್ನು ಓದುತ್ತಿದ್ದರು. ಗೊತ್ತಿಲ್ಲದ ಪದ ಬಂದರೆ ದಾಟಿಕೊಂಡು ಮುಂದಕ್ಕೆ. ಮುಖ್ಯವಾದ ಪದವಾದರೆ ಮತ್ತೆ ಬಂದೇ ಬರುತ್ತದೆ ಎಂಬುದು ಆಕೆಯ ಲೆಕ್ಕಾಚಾರ. 1945ರಲ್ಲಿ ಸೋವಿಯತ್ ಸೇನೆ ಊರಿಗೆ ಬಂದಾಗ ಲೊಂಬ್ ನಗರಾಡಳಿತದಲ್ಲಿ ದುಭಾಷಿಯಾದರು. ಮುಂದೆ 16ರಷ್ಟು ಭಾಷೆಗಳಲ್ಲಿ ದುಡಿದು, 2003ರಲ್ಲಿ ತುಂಬು ವಯಸ್ಸಿನಲ್ಲಿ ತೀರಿಕೊಂಡರು.

ಅದೇ ದೇಶ, ಅದೇ ಭಾಷೆ, ಮುಂದಿನ ತಲೆಮಾರು. 1949ರಿಂದ ಹಂಗೇರಿಯ ಶಾಲೆಗಳಲ್ಲಿ ರಷ್ಯನ್ ಕಡ್ಡಾಯವಾಯಿತು. ಹತ್ತು ವರ್ಷ ತುಂಬಿದ ಮಗು ಶುರು ಮಾಡಿದರೆ ಶಾಲೆ ಬಿಡುವವರೆಗೂ ರಷ್ಯನ್. ಈ ಸಲ ಯಾವುದಕ್ಕೂ ಕೊರತೆ ಇರಲಿಲ್ಲ: ಪುಸ್ತಕ, ಮೇಷ್ಟರು, ವೇಳಾಪಟ್ಟಿ, ಪರೀಕ್ಷೆ ಎಲ್ಲವೂ ಸರ್ಕಾರದ್ದೇ. ನಲವತ್ತು ವರ್ಷ ಹೀಗೆ ನಡೆಯಿತು. 1989ರಲ್ಲಿ ಕಡ್ಡಾಯ ತೆಗೆದುಹಾಕಿದಾಗ ನೋಡಿದರೆ ಆ ಭಾಷೆಯಲ್ಲಿ ಸರಾಗವಾಗಿ ನಾಲ್ಕು ಮಾತಾಡಬಲ್ಲವರು ಹುಡುಕಿದರೂ ಸಿಗುವುದು ಕಷ್ಟವಾಗಿತ್ತು. ಹಂಗೇರಿಯನ್ನರು ದಡ್ಡರೇನಲ್ಲ, ಗಣಿತದಲ್ಲಿ, ಸಂಗೀತದಲ್ಲಿ ಜಗತ್ತಿಗೆ ಪಾಠ ಹೇಳಿದ ಜನ. ಆದರೆ 1956ರ ದಂಗೆಯನ್ನು ಟ್ಯಾಂಕು ಹತ್ತಿಸಿ ಅಡಗಿಸಿದವರ ಭಾಷೆ ಅದು. ಸೋವಿಯತ್ ಸೈನಿಕರು 1991ರವರೆಗೂ ಆ ದೇಶದಲ್ಲೇ ಇದ್ದರು, ಆದರೆ ಬ್ಯಾರಕ್ಕುಗಳ ಗೋಡೆಯಾಚೆ. ಕಲಿತರೂ ಮಾತಾಡುವುದು ಯಾರ ಜೊತೆ? ಕಲಿಯದೆ ಇರುವುದೇ ಸದ್ದಿಲ್ಲದ ಪ್ರತಿಭಟನೆಯಾಯಿತು. ಮಕ್ಕಳಿಗೆ ಬೇಡ ಎಂಬುದು ಮೇಷ್ಟರಿಗೆ ಗೊತ್ತು, ಮೇಷ್ಟರಿಗೆ ಗೊತ್ತು ಎಂಬುದು ಮಕ್ಕಳಿಗೂ ಗೊತ್ತು.

ವಿದೇಶಿ ಭಾಷೆಯ ಕಲಿಕೆಯಲ್ಲಿ ‘ಪ್ರೇರಣೆ’ಯ ಮಾತು ಬಂದಾಗೆಲ್ಲ ನಮ್ಮಲ್ಲಿ ‘ಮನಸ್ಸಿದ್ದರೆ ಮಾರ್ಗ’ ಎಂದು ಹೇಳಿ ಕೈತೊಳೆದುಕೊಳ್ಳುವುದು ರೂಢಿ. ಕಲಿಯಲಾಗದವನಿಗೆ ಮನಸ್ಸಿಲ್ಲ, ತಪ್ಪು ಅವನದೇ. ಹಂಗೇರಿಯ ಕಥೆ ಕೇಳುವ ಪ್ರಶ್ನೆಯೇ ಬೇರೆ: ಆ ಮನಸ್ಸು ಬರುವುದು ಎಲ್ಲಿಂದ, ಮತ್ತು ಬಂದದ್ದು ನಿಲ್ಲುವುದು ಹೇಗೆ?

ಈ ಪ್ರಶ್ನೆಯನ್ನು ಅಳತೆಗೆ ಹಚ್ಚಿದ ಮೊದಲಿಗರು ಕೆನಡಾದವರು. ಅಲ್ಲಿನ ಮಾಂಟ್ರಿಯಲ್‌ನಲ್ಲಿ ಇಂಗ್ಲಿಷರೂ ಫ್ರೆಂಚರೂ ಅಕ್ಕಪಕ್ಕದ ಬೀದಿಗಳಲ್ಲಿದ್ದೂ ದೂರದೂರ ಇದ್ದವರು. ರಾಬರ್ಟ್ ಗಾರ್ಡ್ನರ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಎಂಬ ಮನಶ್ಶಾಸ್ತ್ರಜ್ಞರು ಫ್ರೆಂಚ್ ಕಲಿಯುತ್ತಿದ್ದ 75 ಇಂಗ್ಲಿಷ್ ಮನೆಮಾತಿನ ಹೈಸ್ಕೂಲು ಮಕ್ಕಳನ್ನು ಪರೀಕ್ಷಿಸಿ, 1959ರಲ್ಲಿ ತಮ್ಮ ತೀರ್ಮಾನ ಪ್ರಕಟಿಸಿದರು. ಭಾಷೆ ಹತ್ತುವುದಕ್ಕೆ ಹುಟ್ಟುಗುಣದ ಚುರುಕುತನ ಒಂದು ಕಾರಣ. ಅದಕ್ಕೆ ಸಂಬಂಧವೇ ಇಲ್ಲದಂತೆ, ಅಷ್ಟೇ ಬಲವಾಗಿ ಕೆಲಸ ಮಾಡುವ ಇನ್ನೊಂದು ಕಾರಣ ಪ್ರೇರಣೆ. ಅದರಲ್ಲೂ ‘ಫ್ರೆಂಚರ ಜೊತೆ ಬೆರೆಯಬೇಕು, ಅವರಲ್ಲಿ ಒಬ್ಬರಂತೆ ಆಗಬೇಕು’ ಎಂದುಕೊಂಡವರು ‘ಕೆಲಸ ಸಿಗುತ್ತದೆ’ ಎಂದು ಬಂದವರಿಗಿಂತ ಮುಂದಿದ್ದರು. ಬೆರೆಯುವ ಆಸೆ ಮತ್ತು ಲಾಭದ ಆಸೆ ಎಂಬ ಈ ಎರಡು ಹೆಸರುಗಳು ಮುಂದೆ ಹಲವು ದಶಕ ಭಾಷಾ ಶಿಕ್ಷಣದ ಪುಸ್ತಕಗಳನ್ನೆಲ್ಲ ಆಳಿದವು.

ಇದಕ್ಕೆ ಅಡ್ಡ ಬಂದದ್ದು ಮುಂಬೈ. 1972ರಲ್ಲಿ ಯಾಸ್ಮೀನ್ ಲುಕ್ಮಾನಿ ಎಂಬ ಸಂಶೋಧಕಿ ಅಲ್ಲಿನ 60 ಮರಾಠಿ ಮನೆಮಾತಿನ ಹೈಸ್ಕೂಲು ಹುಡುಗಿಯರನ್ನು ಕೇಳಿದರು: ಇಂಗ್ಲಿಷ್ ಯಾಕೆ ಬೇಕು? ಇಂಗ್ಲಿಷರ ಹಾಗೆ ಆಗುವ ಆಸೆ ಅವರಲ್ಲಿ ಅಷ್ಟಾಗಿ ಇರಲಿಲ್ಲ. ತಮ್ಮ ಬದುಕನ್ನು ಒಂದು ಮೆಟ್ಟಿಲು ಮೇಲಕ್ಕೆ ಏರಿಸಿಕೊಳ್ಳಲು ಇಂಗ್ಲಿಷ್ ಬೇಕಿತ್ತು, ಅಷ್ಟೇ. ಹಾಗೆ ಲಾಭಕ್ಕಾಗಿ ಬಯಸಿದವರೇ ಇಂಗ್ಲಿಷಿನಲ್ಲಿ ಹೆಚ್ಚು ಚೆನ್ನಾಗಿದ್ದರು. ಮಾಂಟ್ರಿಯಲ್‌ನ ಸತ್ಯ ಮುಂಬೈಗೆ ಬರುವಷ್ಟರಲ್ಲಿ ತಿರುವುಮುರುವಾಯಿತು. ಪಾಶ್ಚಾತ್ಯ ಶಿಕ್ಷಣತಜ್ಞರು ಇದನ್ನು ಭಾರತದ ವಿಶೇಷ ಪ್ರಕರಣ ಎಂಬಂತೆ ಬಹುಕಾಲ ಅಡಿಟಿಪ್ಪಣಿಗೆ ತಳ್ಳಿದರು. ನನಗೆ ಕಾಣುವಂತೆ ವಿಶೇಷ ಪ್ರಕರಣ ಮಾಂಟ್ರಿಯಲ್. ಕಲಿಯುವ ಭಾಷೆಯ ಜನ ಪಕ್ಕದ ಬೀದಿಯಲ್ಲೇ ಇರುವ ಭಾಗ್ಯ ಜಗತ್ತಿನಲ್ಲಿ ಎಷ್ಟು ಮಕ್ಕಳಿಗಿದೆ?

ಮತ್ತೆ ಹಂಗೇರಿಗೆ ಬರೋಣ, ಏಕೆಂದರೆ ಈ ಗಂಟನ್ನು ಸಡಿಲಿಸಿದವರು ಅಲ್ಲಿಯವರೇ. ಕಡ್ಡಾಯದ ರಷ್ಯನ್ ಹೋದ ಮೇಲೆ ಮಕ್ಕಳಿಗೆ ಯಾವ ಭಾಷೆ ಬೇಕು ಎಂದು ಜೋಲ್ತಾನ್ ಡೊರ್ನ್ಯೇ ಮತ್ತು ಜೊತೆಗಾರರು ದೇಶದುದ್ದಗಲ ಸಮೀಕ್ಷೆ ನಡೆಸಿದರು. 1993, 1999 ಮತ್ತು 2004, ಮೂರು ಬಾರಿ. ರಾಜಧಾನಿ, ಪಟ್ಟಣ, ಹಳ್ಳಿ ಎಲ್ಲ ಸೇರಿ 13 ಸಾವಿರಕ್ಕೂ ಹೆಚ್ಚು ಮಕ್ಕಳು, 13–14ರ ವಯಸ್ಸಿನವರು. ಇಂಗ್ಲಿಷ್ ಎಲ್ಲವನ್ನೂ ಹಿಂದಿಕ್ಕಿತು. ನೆರೆಯ ದೇಶದ ಜರ್ಮನ್ ಕೂಡ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯಿತು. ರಷ್ಯನ್ ಕೊನೆಯ ಸಾಲಿನಲ್ಲಿ. ಇದರಲ್ಲಿ ಅಚ್ಚರಿಯಿಲ್ಲ. ಅಚ್ಚರಿ ಇದ್ದದ್ದು ಬೇರೆ ಕಡೆ. ಮಕ್ಕಳ ಶ್ರಮದ ಹಿಂದೆ ಎಲ್ಲಕ್ಕಿಂತ ಬಲವಾಗಿ ಕಂಡದ್ದು ಲಾಭದ ಲೆಕ್ಕವಲ್ಲ, ಗಾರ್ಡ್ನರ್ ಹೇಳಿದ್ದ ಅದೇ ‘ಬೆರೆಯುವ ಆಸೆ’. ಹಂಗೇರಿಯ ಹಳ್ಳಿಯ ಹುಡುಗ ಜೀವನದಲ್ಲಿ ಒಬ್ಬ ಇಂಗ್ಲಿಷ್ ಮನುಷ್ಯನನ್ನೂ ಮಾತಾಡಿಸಿರಲಿಕ್ಕಿಲ್ಲ. ಅವನು ಬೆರೆಯಲು ಹೊರಟಿದ್ದು ಯಾರ ಜೊತೆಗೆ?

ಡೊರ್ನ್ಯೇ ಕೊಟ್ಟ ಉತ್ತರ ಇದು: ಬೇರೆ ಯಾರ ಜೊತೆಗೂ ಅಲ್ಲ, ನಾಳಿನ ತನ್ನ ಜೊತೆಗೇ. ಮನುಷ್ಯ ತಾನು ಮುಂದೆ ಏನಾಗಬಹುದು ಎಂಬ ಚಿತ್ರಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನಡೆಯುತ್ತಾನೆ ಎಂದು ಅಮೆರಿಕದ ಹೇಜಲ್ ಮಾರ್ಕಸ್ ಮತ್ತು ಪಾಲಾ ನ್ಯೂರಿಯಸ್ 1986ರಲ್ಲೇ ಬರೆದಿದ್ದರು. ಡೊರ್ನ್ಯೇ 2005ರಲ್ಲಿ ಅದನ್ನು ಭಾಷೆಗೆ ತಂದರು. ಆ ಭಾಷೆಯಲ್ಲಿ ಸಲೀಸಾಗಿ ಮಾತಾಡುತ್ತಿರುವ ‘ನಾನು’ ಕಣ್ಣ ಮುಂದೆ ನಿಂತರೆ, ಇವತ್ತಿನ ನನಗೂ ಆ ನನಗೂ ನಡುವಿನ ಅಂತರವೇ ಕಲಿಯುವಂತೆ ಎಳೆಯುತ್ತದೆ. ಇದರ ಪಕ್ಕದಲ್ಲಿ ಇನ್ನೊಂದು ‘ನಾನು’ ಇದೆ: ಅಪ್ಪ ಅಮ್ಮ, ಮೇಷ್ಟರು, ಸರ್ಕಾರ ಹೇಳುವ ‘ನೀನು ಹೀಗಾಗಬೇಕು’ ಎಂಬ ನಾನು. ಎಳೆಯುವುದು ಮೊದಲನೆಯದು, ತಳ್ಳುವುದು ಎರಡನೆಯದು. ಮುಂಬೈಯ ಹುಡುಗಿಯರ ಲಾಭದ ಆಸೆ ಮಾಂಟ್ರಿಯಲ್‌ನ ಮಕ್ಕಳ ಬೆರೆಯುವ ಆಸೆಗೆ ವಿರುದ್ಧವೇನಲ್ಲ ಎಂಬುದು ಆಗ ಹೊಳೆಯುತ್ತದೆ. ಕಚೇರಿಯಲ್ಲಿ ಕೂತು ಇಂಗ್ಲಿಷಿನಲ್ಲಿ ಫೋನೆತ್ತುವ ತನ್ನನ್ನು ತಾನು ಕಂಡ ಹುಡುಗಿಗೆ ಅದು ಸಂಬಳದ ಲೆಕ್ಕವೂ ಹೌದು, ಕನಸೂ ಹೌದು. ಲೊಂಬ್ ವಿಷಯವೂ ಅಷ್ಟೇ. ರಷ್ಯನ್ನರು ಬಂದಾಗ ದುಭಾಷಿಯಾದ ಆಕೆಯದು ಬರೀ ಸಾಹಿತ್ಯಪ್ರೇಮವಾಗಿ ಉಳಿಯಲಿಲ್ಲ.

ಹಾಗಾದರೆ ರಷ್ಯನ್ ಹೋಗಿ ಇಂಗ್ಲಿಷ್ ಬಂದ ಮೇಲೆ ಹಂಗೇರಿಯ ಕಥೆ ಸುಖಾಂತ್ಯ ಕಂಡಿತೇ? ಇಲ್ಲ. ಈ ಭಾಗವನ್ನು ಪ್ರೇರಣೆಯ ಭಾಷಣಕಾರರು ಹೇಳುವುದಿಲ್ಲ. 2012ರ ಯುರೋಬ್ಯಾರೋಮೀಟರ್ ಸಮೀಕ್ಷೆಯಲ್ಲಿ ಶೇ 65ರಷ್ಟು ಹಂಗೇರಿಯನ್ನರು ತಮ್ಮ ಮಾತೃಭಾಷೆ ಬಿಟ್ಟು ಬೇರೆ ಯಾವ ಭಾಷೆಯಲ್ಲೂ ಮಾತುಕತೆ ನಡೆಸಲಾರೆವು ಎಂದರು. ಇಡೀ ಐರೋಪ್ಯ ಒಕ್ಕೂಟದಲ್ಲೇ ಅತಿ ಹೆಚ್ಚು. ಒಂದು ಕೋಟಿಗಿಂತ ಕಡಿಮೆ ಜನಸಂಖ್ಯೆ, ನೆರೆಯ ಯಾವ ದೇಶದ ಭಾಷೆಗೂ ಹೋಲದ ನುಡಿ. ವಿದೇಶಿ ಭಾಷೆಯ ಅಗತ್ಯ ಇವರಿಗಿಂತ ಹೆಚ್ಚು ಯಾರಿಗಿದ್ದೀತು? ಸರ್ಕಾರವೂ ಸುಮ್ಮನಿರಲಿಲ್ಲ. ಭಾಷಾ ಪರೀಕ್ಷೆಯ ಪ್ರಮಾಣಪತ್ರ ತರದವರಿಗೆ ವಿಶ್ವವಿದ್ಯಾಲಯದ ಪದವಿಯನ್ನೇ ಕೊಡುವುದಿಲ್ಲ ಎಂಬ ನಿಯಮ ಇಟ್ಟಿತ್ತು. ಉಳಿದೆಲ್ಲ ವಿಷಯ ಪಾಸಾಗಿ, ಭಾಷೆಯ ಕಾಗದವಿಲ್ಲದೆ ಪದವಿ ತಡೆಹಿಡಿಸಿಕೊಂಡವರು ಹತ್ತಾರು ಸಾವಿರ ಮಂದಿ. 2020ರಲ್ಲಿ ಕೋವಿಡ್ ಬಂದಾಗ ಸರ್ಕಾರ ಆ ಷರತ್ತನ್ನು ಮಾಫಿ ಮಾಡಿ ಪದವಿ ಹಂಚಬೇಕಾಯಿತು. ಬೇಕೆಂಬ ಭಾಷೆ, ಬೇಕಾದ ಅಗತ್ಯ, ಮೇಲೊಂದು ಬೆತ್ತ. ಮೂರೂ ಇದ್ದು ಸಾಲಲಿಲ್ಲ.

ಬೆತ್ತದ ಇನ್ನೊಂದು ಮುಖ ಅಂಕ. ನಮ್ಮಲ್ಲಿ ಪಿಯುಸಿಗೆ ಸೇರುವಾಗ ಫ್ರೆಂಚ್ ಆರಿಸಿಕೊಳ್ಳುವ ಮಕ್ಕಳನ್ನು ಯಾಕಪ್ಪಾ ಎಂದು ಕೇಳಿ ನೋಡಿ. ‘ಸ್ಕೋರಿಂಗ್ ಸಬ್ಜೆಕ್ಟ್ ಅಂಕಲ್’ ಎಂಬ ಉತ್ತರ ಕಾದಿರುತ್ತದೆ. ಅವರನ್ನು ದೂರುವಂತಿಲ್ಲ, ಸಿಇಟಿ, ನೀಟ್ ಎಂದು ತಲೆ ಮೇಲೆ ಅಷ್ಟು ಭಾರ ಇರುವಾಗ ಹಗುರಾಗಿ ಅಂಕ ಕೊಡುವ ವಿಷಯ ಹಿಡಿಯುವುದು ಜಾಣತನವೇ. ಆದರೆ ಆ ಮಗು ಫ್ರೆಂಚ್ ಓದುತ್ತಿದೆ ಎಂದು ಹೇಳುವುದು ತಪ್ಪು. ಅದು ಓದುತ್ತಿರುವುದು ಪ್ರಶ್ನೆಪತ್ರಿಕೆಯನ್ನು. ನೂರಕ್ಕೆ ತೊಂಬತ್ತೆಂಟು ತೆಗೆದು, ರಜೆಯಲ್ಲಿ ಪುದುಚೇರಿಗೆ ಹೋದಾಗ ಬೀದಿಯ ಫ್ರೆಂಚ್ ಬೋರ್ಡನ್ನು ಓದಿ ಹೇಳು ಎಂದರೆ ನಾಚಿ ನಗುತ್ತದೆ.

ಇದೇ ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ತರಗತಿಗಳಿವೆ. ನೈಟ್ ಡ್ಯೂಟಿ ಮುಗಿಸಿ, ಯೂನಿಫಾರ್ಮ್ ಬದಲಿಸಿ, ಕಣ್ಣು ಉಜ್ಜಿಕೊಳ್ಳುತ್ತ ಜರ್ಮನ್ ಕ್ಲಾಸಿಗೆ ಬರುವ ಸ್ಟಾಫ್ ನರ್ಸುಗಳು. ಜರ್ಮನಿಗೆ ಕೈಗಳು ಬೇಕಾಗಿವೆ. 2024ರಲ್ಲಿ ಆ ದೇಶ ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾಗಳ ಸಂಖ್ಯೆಯನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಹೇಳಿತು. ಅಲ್ಲಿ ನರ್ಸಾಗಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಎ1, ಎ2, ಬಿ1, ಬಿ2 ಎಂದು ನಾಲ್ಕು ಹಂತ. ಎ1ಗೆ ಬೆಂಚು ಸಾಲದಷ್ಟು ಜನ. ಬಿ1ಕ್ಕೆ ಬರುವಷ್ಟರಲ್ಲಿ ಬ್ಯಾಚು ತೆಳ್ಳಗಾಗಿರುತ್ತದೆ. ಇವರೆಲ್ಲರ ಮುಂದೆ ಯೂರೋ ಸಂಬಳದ ಆಸೆ ಒಂದೇ ತೂಕದ್ದು. ಹಾಗಿದ್ದೂ ಕೆಲವರು ದಡ ಸೇರುತ್ತಾರೆ, ಕೆಲವರು ನಡುವೆ ನಿಲ್ಲುತ್ತಾರೆ. ಎಲ್ಲ ನಾಮಪದಕ್ಕೂ ಡೇರ್, ದೀ, ದಾಸ್ ಎಂದು ಒಂದೊಂದು ಲಿಂಗ ಬಾಯಿಪಾಠ ಮಾಡಬೇಕಾದ ಬೆಳಗುಗಳಲ್ಲಿ ದೂರದ ಸಂಬಳ ಯಾರನ್ನೂ ಕೈಹಿಡಿದು ನಡೆಸುವುದಿಲ್ಲ. ‘ಎಲ್ಲಿ ನೋಯುತ್ತಿದೆ ಅಜ್ಜಿ, ಇಲ್ಲಿಯಾ? ರಾತ್ರಿ ನಿದ್ದೆ ಬಂತಾ?’ ಎಂದು ಜರ್ಮನ್‌ನಲ್ಲಿ ಕೇಳಿ, ಪಕ್ಕದ ಬೆಂಚಿನ ಗೆಳತಿ ರೋಗಿಯ ಹಾಗೆ ನರಳುತ್ತ ಉತ್ತರ ಕೊಟ್ಟು, ಕೊಟ್ಟ ಉತ್ತರ ಅರ್ಥವಾಗಿಬಿಟ್ಟರೆ, ಆ ದಿನದ ನಿದ್ದೆಗೆಟ್ಟ ಕಣ್ಣಿಗೂ ಹೊಳಪು ಬರುತ್ತದೆ. ಆಸ್ಪತ್ರೆಯ ಕೆಲಸ ಅವರಿಗೆ ಗೊತ್ತು, ಆ ಮಂಚ, ಆ ಮುದುಕಿ, ಆ ಥರ್ಮಾಮೀಟರ್ ಎಲ್ಲವೂ ಗೊತ್ತು. ಅದರೊಳಕ್ಕೆ ಜರ್ಮನ್ ಮಾತಾಡುವ ತನ್ನನ್ನು ಇಟ್ಟು ನೋಡುವುದು ಸುಲಭ. ಪಠ್ಯಪುಸ್ತಕದ ರೈಲ್ವೆ ನಿಲ್ದಾಣದಲ್ಲಿ ಟಿಕೆಟ್ ಕೊಳ್ಳುವ ಯಾವನೋ ಪ್ರವಾಸಿಯ ಪಾಠದಲ್ಲಿ ಅದು ಆಗುವುದಿಲ್ಲ.

ಪರೀಕ್ಷೆಯ ಏರ್ಪಾಡೂ ಇಲ್ಲಿ ಒಂದಿಷ್ಟು ನೆರವಿಗೆ ಬರುತ್ತದೆ. ನಮ್ಮಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಎಂದು ಕರೆಯುವ ಗೊಯಥೆ ಇನ್‌ಸ್ಟಿಟ್ಯೂಟಿನ ಬಿ1, ಬಿ2 ಪರೀಕ್ಷೆಗಳಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಪ್ರತಿಯೊಂದರಲ್ಲೂ ನೂರಕ್ಕೆ 60 ಬಂದರೆ ಪಾಸು. ಒಂದರಲ್ಲಿ ಹೋದರೆ ಅದೊಂದನ್ನೇ ಮತ್ತೆ ಕಟ್ಟಬಹುದು. ಮೂರು ಗೆದ್ದವರಿಗೆ ನಾಲ್ಕನೆಯದನ್ನು ಬಿಟ್ಟು ಕೂರಲು ಮನಸ್ಸು ಬರುವುದಿಲ್ಲ.

ಇಲ್ಲಿ ನಾವು ಕಾರಣ ಮತ್ತು ಫಲವನ್ನು ಅದಲು ಬದಲು ಮಾಡಿ ನೋಡಬೇಕಾಗುತ್ತದೆ. ಉಮೇದು ಇದ್ದವನು ಕಲಿಯುತ್ತಾನೆ ಎಂಬುದು ಅರ್ಧ ಮಾತ್ರ. ಜರ್ಮನಿಯಲ್ಲಿ ಇಂಗ್ಲಿಷ್ ಕಲಿಯುವ ಶಾಲಾಮಕ್ಕಳನ್ನು ನೋಡಿ ಗಿಸೆಲಾ ಹರ್ಮನ್ 1980ರಲ್ಲಿ ಹೇಳಿದ್ದು ಉಳಿದರ್ಧವನ್ನು: ಒಂದಷ್ಟು ಕಲಿತವನಿಗೇ ಉಮೇದು ಬರುತ್ತದೆ. ಈಜು ಕಲಿಯುವ ಹುಡುಗ ಕೆರೆಯ ಮೇಲೆ ಪ್ರೀತಿ ಬಂದ ಮೇಲೆ ನೀರಿಗಿಳಿಯುವುದಿಲ್ಲ. ನಾಲ್ಕು ಮಾರು ತೇಲಿದ ಮೇಲೆ ಕೆರೆ ಬಿಟ್ಟು ಮನೆಗೆ ಬರುವುದಿಲ್ಲ. ನಮ್ಮ ಕಿಟೆಲ್ ಅವರನ್ನೇ ನೋಡಿ. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಶನ್ ಕಡೆಯಿಂದ ಇಲ್ಲಿಗೆ ಬಂದದ್ದು ಮತಪ್ರಚಾರಕ್ಕೆ. ಕನ್ನಡ ಅದಕ್ಕೆ ಬೇಕಾದ ಸಾಧನವಷ್ಟೇ. ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಲು ಕೂತ ಮನುಷ್ಯನನ್ನು ಕಟ್ಟಿಹಾಕಿದ್ದು ಇನ್ನೇನೋ. ಧರ್ಮಪ್ರಚಾರಕ್ಕೆ ಹಳಗನ್ನಡದ ಛಂದಸ್ಸು ಯಾವ ಪ್ರಯೋಜನಕ್ಕೆ? 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ 70 ಸಾವಿರ ಪದಗಳ ನಿಘಂಟು, ಲಾಭದ ಆಸೆಯಿಂದ ಹೊರಟು ದಾರಿಯಲ್ಲಿ ಪ್ರೀತಿಗೆ ತಿರುಗಿದ ಕಲಿಕೆಯ ಫಲ. ಎರಡು ಬಗೆಯ ಪ್ರೇರಣೆ ಎಂದು ಪುಸ್ತಕದಲ್ಲಿ ಗೆರೆ ಎಳೆದವರು ಆ ಗೆರೆ ದಾಟಿ ಹೋದವರನ್ನು ಅಷ್ಟಾಗಿ ಗಮನಿಸಿದಂತಿಲ್ಲ.

ಹಾಗೆ ನೋಡಿದರೆ ಮನಸ್ಸು ಹುಟ್ಟಿಸುವ ಕೆಲಸದ ದೊಡ್ಡ ಪಾಲು ತರಗತಿಯೊಳಗೇ ನಡೆಯಬೇಕು. ಕೊಲ್ಲುವ ಕೆಲಸವೂ ಅಲ್ಲೇ ನಡೆಯುತ್ತದೆ. ಬುಡಾಪೆಸ್ಟಿನ ಶಾಲೆಗಳಲ್ಲಿ ಭಾಷೆಯ ಮೇಲೆ ಜಿಗುಪ್ಸೆ ಬಂದ 50 ಮಕ್ಕಳನ್ನು ಡೊರ್ನ್ಯೇ ಕೂರಿಸಿ ಮಾತಾಡಿಸಿದಾಗ ಅವರು ಕೊಟ್ಟ ಕಾರಣಗಳಲ್ಲಿ ಮೊದಲ ಸ್ಥಾನ ಶಿಕ್ಷಕರಿಗೇ ಸಿಕ್ಕಿತು. ಕಠಿಣ ವ್ಯಾಕರಣವಲ್ಲ, ದಪ್ಪ ಪುಸ್ತಕವಲ್ಲ, ಮೇಷ್ಟರು. ಇದರ ಒಳ್ಳೆಯ ಮುಖವನ್ನು ದಕ್ಷಿಣ ಕೊರಿಯಾದಲ್ಲಿ ಕಾಣಬಹುದು. 2008ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಸಂಶೋಧಕರು ಅಲ್ಲಿನ 40 ಇಂಗ್ಲಿಷ್ ತರಗತಿಗಳಲ್ಲಿ ಕೂತು, ಮೇಷ್ಟರು ಏನು ಮಾಡುತ್ತಿದ್ದಾರೆ, ಮಕ್ಕಳು ಏನು ಮಾಡುತ್ತಿದ್ದಾರೆ ಎಂದು ನಿಮಿಷ ನಿಮಿಷಕ್ಕೆ ಬರೆದುಕೊಂಡರು. ಪಾಠದ ಉದ್ದೇಶ ತಿಳಿಸಿ ಶುರು ಮಾಡುವ, ಮಕ್ಕಳ ಬದುಕಿಗೆ ತಾಗಿಸಿ ಹೇಳುವ, ತಪ್ಪಿಗೆ ಗದರದೆ ಸರಿಗೆ ಭೇಷ್ ಎನ್ನುವ ಮೇಷ್ಟರ ತರಗತಿಗಳಲ್ಲಿ ಮಕ್ಕಳು ಎದ್ದು ಕಾಣುವಷ್ಟು ಚುರುಕಾಗಿದ್ದರು. ಕೇಳಲು ಇದು ಹೊಸ ಸಂಗತಿಯೇನಲ್ಲ. ಆದರೆ ಪ್ರೇರಣೆ ಮಗುವಿನ ಹುಟ್ಟುಗುಣ, ಮನೆಯಿಂದ ಬುತ್ತಿಯಂತೆ ಕಟ್ಟಿಕೊಂಡು ಬರಬೇಕಾದ್ದು ಎಂದು ನಂಬಿದ ಸ್ಟಾಫ್ ರೂಮುಗಳಲ್ಲಿ ಇದನ್ನು ಗಟ್ಟಿಯಾಗಿ ಓದಿ ಹೇಳಬೇಕು.

1989ರ ನಂತರ ಹಂಗೇರಿಗೆ ಎದುರಾದ ದೊಡ್ಡ ತೊಡಕೂ ಮೇಷ್ಟರದೇ. ಇದ್ದಕ್ಕಿದ್ದಂತೆ ದೇಶಕ್ಕೆಲ್ಲ ಇಂಗ್ಲಿಷ್ ಬೇಕು. ಇರುವವರೆಲ್ಲ ರಷ್ಯನ್ ಮೇಷ್ಟರು. ಸಾವಿರಾರು ಮಂದಿಯನ್ನು ಮರುತರಬೇತಿಗೆ ಕಳಿಸಿದರು. ಜೀವನವಿಡೀ ಬೇಡದ ಭಾಷೆ ಕಲಿಸಿದವರು ನಡುವಯಸ್ಸಿನಲ್ಲಿ ಹೊಸ ಭಾಷೆಯ ಮೊದಲ ಬೆಂಚಿಗೆ ಬಂದು ಕೂತರು. ಕೆಲಸ ಉಳಿಸಿಕೊಳ್ಳಲು ಕಲಿಯುವ ಮೇಷ್ಟರ ಪ್ರೇರಣೆಯ ಬಗ್ಗೆ ಯಾರೂ ಸಮೀಕ್ಷೆ ಮಾಡಬೇಕಾಗಿರಲಿಲ್ಲ. 1990ರಲ್ಲಿ ಬುಡಾಪೆಸ್ಟಿನ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಶಿಕ್ಷಕರ ತರಬೇತಿಗೆಂದೇ ಮೂರು ವರ್ಷದ ಕೋರ್ಸು ಶುರುವಾಯಿತು. ಅದನ್ನು ಕಟ್ಟಿದ ಪೀಟರ್ ಮೆದ್ಯೆಶ್ 1994ರಲ್ಲಿ ಒಂದು ಪುಸ್ತಕ ಬರೆದರು. ಇಂಗ್ಲಿಷ್ ಮನೆಮಾತಲ್ಲದ ಮೇಷ್ಟರು ಕೀಳರಿಮೆ ಪಡಬೇಕಾಗಿಲ್ಲ ಎಂಬುದು ಅದರ ವಾದ. ಆ ಭಾಷೆಯೊಳಗೇ ಹುಟ್ಟಿದವನಿಗೆ ಅದನ್ನು ಕಲಿಯುವ ಕಷ್ಟ ಗೊತ್ತಿಲ್ಲ. ಕಲಿತು ಬಂದವನಿಗೆ ಎಲ್ಲಿ ಎಡವುತ್ತಾರೆ ಎಂಬುದು ಗೊತ್ತು, ಮಕ್ಕಳ ಮನೆಮಾತೂ ಗೊತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮಂಥವನೊಬ್ಬ ಇದನ್ನು ಕಲಿಯಬಹುದು ಎಂಬುದಕ್ಕೆ ಅವನೇ ಸಾಕ್ಷಿ. ಡೊರ್ನ್ಯೇ ಹೇಳಿದ ‘ನಾಳಿನ ನಾನು’ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತಿರುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಯಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳೆಂದು ಕೊರಿಯನ್, ಜಪಾನಿ, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್‌ಗಳನ್ನು ಹೆಸರಿಸಿದೆ. ಪಟ್ಟಿ ಮಾಡುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಕಲಿಸುವವರ ಮಾತಿಗೆ ಬಂದಾಗ, ಆ ಭಾಷೆಯ ನಾಡಿನಿಂದಲೇ ಒಬ್ಬರನ್ನು ಕರೆಸಿದರೆ ಶಾಲೆಯ ಜಾಹೀರಾತಿಗೆ ಕಳೆ ಬರುತ್ತದೆ ಎಂಬ ಯೋಚನೆ ಮೊದಲು ಬರುತ್ತದೆ. ಕನ್ನಡದ ಮಕ್ಕಳಿಗೆ ಜಪಾನಿ ಹೇಳಿಕೊಡುವ ಕನ್ನಡದ ಮೇಷ್ಟರೊಬ್ಬರು ಮೊದಲ ದಿನವೇ ಮಾಡಬಹುದಾದ ಒಂದು ಕೆಲಸ ಟೋಕಿಯೊದಿಂದ ಬಂದವರಿಗೆ ಹೊಳೆಯುವಂಥದ್ದಲ್ಲ. ಬೋರ್ಡಿನ ಮೇಲೆ ‘ವತಾಶಿ ವಾ ಮಿಜು ಒ ನೊಮಿಮಾಸು’ ಎಂದು ಬರೆದು, ಅದರ ಕೆಳಗೆ ‘ನಾನು ನೀರನ್ನು ಕುಡಿಯುತ್ತೇನೆ’ ಎಂದು ಬರೆಯುವುದು. ವತಾಶಿಯ ಕೆಳಗೆ ‘ನಾನು’, ಮಿಜುವಿನ ಕೆಳಗೆ ‘ನೀರು’, ಒ ಕೆಳಗೆ ನಮ್ಮ ‘ಅನ್ನು’ ಪ್ರತ್ಯಯ, ಕ್ರಿಯಾಪದ ಎರಡರಲ್ಲೂ ಕೊನೆಗೆ. ಇಂಗ್ಲಿಷಿನಲ್ಲಿ ಕರ್ತೃ, ಕರ್ಮ, ಕ್ರಿಯೆಗಳನ್ನು ವರ್ಷಗಟ್ಟಲೆ ಹಿಂದೆಮುಂದೆ ಮಾಡಿ ಬೈಸಿಕೊಂಡ ಹಿಂದಿನ ಬೆಂಚಿನ ಹುಡುಗನಿಗೆ, ತನ್ನ ಮನೆಮಾತಿನ ಜಾಡಿನಲ್ಲೇ ನಡೆಯುವ ವಿದೇಶಿ ಭಾಷೆಯೊಂದು ಇದೆ ಎಂದು ಆವತ್ತೇ ಗೊತ್ತಾಗುತ್ತದೆ. ಎರಡನೇ ವಾಕ್ಯವನ್ನು ಅವನೇ ಕಟ್ಟಿ ತೋರಿಸುತ್ತಾನೆ.